ಅವ್ವ ಹಾಡಿದ ರೆಗೆ

ರಾಣೆಬೆನ್ನೂರಿನ ಒಂದು ಬಾಡಿಗೆ ಕೋಣೆಯಲ್ಲಿ ನಾವು ಮೂವರು ಗೆಳತಿಯರು ಜಮೈಕಾದ ರೆಗೆ ಸಂಗೀತದ ಧಾಟಿಯಲ್ಲಿ ಒಂದು ಆಲ್ಬಮ್ ಮಾಡಲು ಹೊರಟಿದ್ದೆವು. ಆರು ಹಾಡು, ಆರೂ ಜಗಳದವು. ನನ್ನ ಜೀವವೆಲ್ಲ ಇದ್ದದ್ದು ಒಂದರಲ್ಲಿ. ಬ್ಯಾಡಗಿಯಲ್ಲಿ ಅವ್ವ ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದ ಶೆಡ್ಡಿನಲ್ಲಿ ಹೆಂಗಸರಿಗೆ ಪಾಯಖಾನೆ ಇರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ ಕೂರುತ್ತಿದ್ದರು. ಆ ಸಿಟ್ಟನ್ನೇ ಹಾಡು ಮಾಡಿದ್ದೆ.

ಆದರೆ ಹಾಡು ಕುಂಟುತ್ತಿತ್ತು. ರೆಗೆಯಲ್ಲಿ ಗಿಟಾರಿನ ಪೆಟ್ಟು ತಾಳದ ಮೇಲೆ ಬೀಳಬಾರದು, ಎರಡು ತಾಳದ ನಡುವೆ ಬೀಳಬೇಕು. ಭಜನೆಯಲ್ಲಿ ಬೆಳೆದ ನಮ್ಮ ಕೈಗಳು ತಾಳ ಬಂದರೆ ಸಾಕು, ಅಲ್ಲೇ ಬಡಿಯುತ್ತಿದ್ದವು. ಒಂದು ರವಿವಾರ ಕೇಳಲು ಬಂದ ಅವ್ವ ನಕ್ಕುಬಿಟ್ಟಳು.

“ಹಿಂಗ ಗಡಬಡಿಸಿ ತೊಟ್ಟ ಮುರದ್ರ ಕಾಯಿ ಒಡೀತೈತಿ. ಮೊದಲ ಹಿಡೀಬೇಕು, ಆಮ್ಯಾಲ ಚಟ್ ಅನ್ನಸಬೇಕು.”

ಖಾಲಿ ಬೆರಳಲ್ಲೇ ತೊಟ್ಟು ಮುರಿದು ತೋರಿಸಿದಳು. ಹಿಡಿ, ಚಟ್. ಹಿಡಿ, ಚಟ್. ಆ ಚಟ್ ಬಂದಲ್ಲಿ ನಾನು ತಂತಿ ಮೀಟಿದೆ. ಹಾಡು ಎದ್ದು ನಡೆಯಿತು! ಅವ್ವ ಜೊತೆಗೆ ಹಾಡಿಯೂ ಬಿಟ್ಟಳು; ಅದನ್ನು ರೆಕಾರ್ಡ್ ಮಾಡಿಕೊಂಡೆವು. ತಿಂಗಳುಗಟ್ಟಲೆ ಯಾರ್ಯಾರದೋ ವಿಡಿಯೋ ನೋಡಿ ತಿಣುಕಿದ್ದಕ್ಕೆ ನನಗೆ ನಾಚಿಕೆಯಾಯಿತು.

“ಆಲ್ಬಮ್ಮಿನ್ಯಾಗ ನಿನ್ನ ದನಿ ಹಾಕಿದ್ರ ನಿನ್ನ ಕೆಲಸಾ ಹೋಗತೈತಿ, ಅವ್ವಾ,” ಎಂದೆ.

“ಹೋದ್ರ ಹೋಗಲಿ. ಹಾಕು.”

ಆಲ್ಬಮ್ ಹೊರಬಂದ ವಾರದೊಳಗೆ ಆ ಹಾಡು ಹಾವೇರಿ ಬಸ್ಸು ಹತ್ತಿ, ಯಾರದೋ ಫೋನಿನಲ್ಲಿ ಶೆಡ್ಡಿಗೂ ಬಂತು. ಅವ್ವನಿಗೆ ಬುತ್ತಿ ಕೊಡಲು ಹೋಗಿದ್ದ ನಾನು ಬಾಗಿಲಲ್ಲೇ ನಿಂತೆ. ಒಳಗೆ ಮಾಲೀಕರು ಕೂಗಾಡುತ್ತಿದ್ದರು.

“ಯಾರದಿದು ದನಿ? ಹಾಡಿದಾಕಿ ನಾಳೆಯಿಂದ ಬರೂದು ಬ್ಯಾಡ!”

ಅವ್ವ ಸೆರಗು ಕೊಡವಿ ಎದ್ದಳು. “ನಂದ್ರೀ.”

ಅಷ್ಟರಲ್ಲಿ ಅವಳ ಪಕ್ಕದ ಮುದುಕಿ ಮೊಣಕಾಲು ಹಿಡಿದುಕೊಂಡು ಎದ್ದಳು. “ನಂದೂ ಐತ್ರಿ.” ಆಕೆ ನಮ್ಮ ಕೋಣೆಯ ಮೆಟ್ಟಿಲನ್ನೂ ಹತ್ತಿದವಳಲ್ಲ. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು. ನೋಡನೋಡುತ್ತ ಇಡೀ ಶೆಡ್ಡು ಎದ್ದು ನಿಂತಿತು. ಹೊರಗೆ ಅಂದೇ ತೊಟ್ಟು ಮುರಿಯಬೇಕಾದ ಕಾಯಿ ತುಂಬಿದ ಲಾರಿ ಕಾಯುತ್ತಿತ್ತು. ಮಾಲೀಕರು ಒಮ್ಮೆ ಲಾರಿಯನ್ನು ನೋಡಿದರು, ಒಮ್ಮೆ ಹೆಂಗಸರನ್ನು ನೋಡಿದರು.

“ಕುಂದ್ರಿ ಎಲ್ಲಾರೂ. ನಾಳೆ ಗೌಂಡಿನ್ನ ಕರಸ್ತೇನಿ. ಪಾಯಖಾನಿ ಕಟ್ಟಸೂಣು.”

ನನಗೆ ಅಲ್ಲೇ ಕುಣಿಯಬೇಕೆನಿಸಿತು. ಎಲ್ಲರೂ ಕೂತರು, ಅವ್ವ ಮಾತ್ರ ಕೂರಲಿಲ್ಲ.

“ಬಾಗಲಕ್ಕ ಒಳಗಿಂದ ಚಿಲಕ ಇರಬೇಕ್ರೀ,” ಎಂದಳು.