ಅಲುಗದೆ ಮಲಗಿದ ಇಪ್ಪತ್ತು ನಿಮಿಷ

"ಅಮ್ಮ, ಮೊಣಕಾಲಿನ ಕೆಳಗೆ ನೋಯ್ತೈತೆ," ಎಂದಳು ಸಹನಾ, ಶೂ ಬಿಚ್ಚುತ್ತಾ. ಹದಿಮೂರು ವರ್ಷದ ಮಗಳು. ನ್ಯಾಮತಿಯ ಅವಳ ಶಾಲೆಯಲ್ಲಿ ಓಟಕ್ಕೆ ಅವಳೇ ಮುಂದು. ಎಣ್ಣೆ ಹಚ್ಚಿ ನೀವಿದೆ. ಎರಡು ವಾರ ಕಳೆಯಿತು. ಕುಂಟತೊಡಗಿದಳು.

ಹೊನ್ನಾಳಿಯಲ್ಲಿ ಎಕ್ಸ್‌ರೇ ತೆಗೆಸಿದೆವು. ಬಲಗಾಲಿನ ಮೂಳೆಯ ಮೇಲೆ ಮಸುಕು ನೆರಳು. ಡಾಕ್ಟರು ಮಗಳನ್ನು ಹೊರಗೆ ಕೂರಿಸಿ, "ಗಡ್ಡೆ ಇದ್ರೂ ಇರಬಹುದು. ಬೋನ್ ಸ್ಕ್ಯಾನ್ ಮಾಡಿಸ್ರಿ," ಎಂದರು.

ಗಡ್ಡೆ.

ಅವತ್ತಿನಿಂದ ನನ್ನ ಹೊಲಿಗೆ ಮೆಷಿನ್ ನಿಂತಿತು. ಹೊಲಿಯಲು ಬಂದಿದ್ದ ಬಟ್ಟೆಗಳನ್ನು ಹಾಗೇ ವಾಪಸ್ ಕಳಿಸಿದೆ. ನಮ್ಮನೆಯವರು ಮಗಳ ಮುಂದೆ ಮಾತ್ರ ನಗುತ್ತಿದ್ದರು.

ಸ್ಕ್ಯಾನಿಗೆ ಮಂಗಳೂರಿನ ಆಸ್ಪತ್ರೆಗೆ ಹೋದೆವು. ವಿಕಿರಣ ಸೂಸುವ ಔಷಧಿಯನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ, ಅದು ಮೂಳೆ ಸೇರಿದ ಮೇಲೆ ಕ್ಯಾಮೆರಾ ಚಿತ್ರ ತೆಗೆಯುತ್ತದೆ ಎಂದು ತಿಳಿದಾಗ ಇನ್ನೊಂದು ಭಯ ಹುಟ್ಟಿತು.

"ಎಳೆ ಮೈ ಡಾಕ್ಟ್ರೇ, ಆದಷ್ಟು ಕಮ್ಮಿ ಹಾಕ್ರಿ," ಎಂದೆ. ಮರುಕ್ಷಣವೇ ಅನುಮಾನ. "ಕಮ್ಮಿ ಹಾಕಿದ್ರೆ ಸರಿಯಾಗಿ ಕಾಣ್ತೈತೇನ್ರಿ?"

ಅಲ್ಲಿನ ಡಾಕ್ಟರು ನಡುವಯಸ್ಸಿನ ಹೆಂಗಸು. "ನಮ್ಮ ತಲೆನೋವೂ ಅದೇ ಅಮ್ಮ," ಎಂದರು. "ಮಗುವಿನ ತೂಕ ನೋಡಿ ಡೋಸ್ ಕಡಿಮೆ ಮಾಡ್ತೇವೆ. ತೀರಾ ಕಡಿಮೆಯಾದರೆ ಚಿತ್ರ ಮಸುಕಾಗ್ತದೆ, ಚುಚ್ಚಿದ್ದೇ ದಂಡ. ಕಡಿಮೆ ಡೋಸಿಗೆ ಕ್ಯಾಮೆರಾಗೆ ಹೆಚ್ಚು ಹೊತ್ತು ಬೇಕು. ಅಷ್ಟು ಹೊತ್ತು ಇವಳು ಅಲುಗಬಾರದು."

"ಅಲುಗಲ್ಲ," ಎಂದಳು ಸಹನಾ.

ಚುಚ್ಚಿದ ಮೇಲೆ ಮೂರು ಗಂಟೆ ನೀರು ಕುಡಿಯುತ್ತಾ ಕಾದಳು. ಆಮೇಲೆ ಮಲಗಿಸಿದರು. ಕ್ಯಾಮೆರಾ ತಲೆಯಿಂದ ನಿಧಾನವಾಗಿ ಇಳಿಯಿತು. ಕಾಲಿನ ಹತ್ತಿರ ಬಂದಾಗ ನೋವು ತಡೆಯದೆ ಅವಳು ಕಾಲು ಎಳೆದುಕೊಂಡಳು.

ಚಿತ್ರ ಕಲಸಿಹೋಯಿತು.

"ಮತ್ತೆ ಚುಚ್ಚಬೇಕೇನ್ರಿ?" ಎಂದು ಕೇಳಿದೆ.

"ಬೇಡಮ್ಮ," ಎಂದರು ಟೆಕ್ನಿಷಿಯನ್. "ಒಳಗಿರೋ ಔಷಧಿನೇ ಸಾಕು. ಕಾಲಿಂದು ಮಾತ್ರ ಇನ್ನೊಂದ್ಸಲ ತೆಗಿಯೋಣ. ಇಪ್ಪತ್ತು ನಿಮಿಷ."

ಮಂಡಿಯ ಕೆಳಗೆ ದಿಂಬು ಕೊಟ್ಟು, ಪಾದಗಳಿಗೆ ಮೆತ್ತಗೆ ಪಟ್ಟಿ ಕಟ್ಟಿದರು. ಸಹನಾ ಕಣ್ಣು ಮುಚ್ಚಿದಳು. ಕಣ್ಣಂಚಿನಿಂದ ನೀರು ಕಿವಿಗೆ ಇಳಿಯಿತು. ಒರೆಸಿಕೊಳ್ಳಲು ಕೈಯನ್ನೂ ಎತ್ತಲಿಲ್ಲ. ಮನೆಯಲ್ಲಿ ಊಟಕ್ಕೂ ಒಂದು ಕಡೆ ಕೂರದ ಹುಡುಗಿ ಅವಳು. ಅಷ್ಟು ಗಟ್ಟಿತನ ಅವಳಲ್ಲಿ ಇದ್ದದ್ದು ಹೆತ್ತ ನನಗೇ ಗೊತ್ತಿರಲಿಲ್ಲ.

ಸಂಜೆ ಡಾಕ್ಟರು ನಮ್ಮನ್ನು ಪರದೆಯ ಮುಂದೆ ಕೂರಿಸಿದರು. ಬಲಗಾಲಿನಲ್ಲಿ ಕಪ್ಪು ಗುರುತು. ಅವರು ಬೆರಳಿಟ್ಟದ್ದು ಎಡಗಾಲಿನ ಮೇಲೆ. ಅಲ್ಲೂ ಅದೇ ಜಾಗದಲ್ಲಿ ಕೂದಲೆಳೆಯಷ್ಟು ತೆಳುವಾದ ಗೆರೆ.

"ಎರಡೂ ಕಾಲಲ್ಲಿ ಒಂದೇ ಕಡೆ ಇದೆ. ಗಟ್ಟಿ ನೆಲದ ಮೇಲೆ ಓಡಿ ಓಡಿ ಬಿಟ್ಟ ಸಣ್ಣ ಬಿರುಕು. ಗಡ್ಡೆಯ ಲಕ್ಷಣ ಕಾಣ್ತಾ ಇಲ್ಲ. ಕಾಲು ಅಲುಗಿ ಕಲಸಿಹೋದ ಮೊದಲಿನ ಚಿತ್ರದಲ್ಲಿ ಈ ಎಡಗಾಲಿನ ಗೆರೆ ಕಂಡೇ ಇರಲಿಲ್ಲ." ಅವರು ಸಹನಾಳ ಕಡೆ ತಿರುಗಿದರು. "ಈ ಚಿತ್ರ ತೆಗೆದದ್ದು ನೀನೇ ಮಾರಾಯ್ತಿ."

ನಮ್ಮನೆಯವರು ಗೋಡೆಗೆ ಮುಖ ಮಾಡಿ ಅತ್ತರು.

ಮೂರು ತಿಂಗಳು ಓಟವಿಲ್ಲ. ಮುಂದಿನ ಎಕ್ಸ್‌ರೇಗಳಲ್ಲಿ ಬಿರುಕು ಕೂಡಿಕೊಂಡಿತ್ತು. ಇನ್ನೂ ಆರು ತಿಂಗಳಿಗೊಮ್ಮೆ ತೋರಿಸಬೇಕು, ತೋರಿಸುತ್ತೇವೆ. ಹೋದ ವಾರ ತಾಲ್ಲೂಕು ಕ್ರೀಡಾಕೂಟದಲ್ಲಿ ಎಂಟುನೂರು ಮೀಟರ್ ಓಡಿ ಮೂರನೆಯವಳಾಗಿ ಬಂದಳು. ಮುಖ ಊದಿಸಿಕೊಂಡು, "ಮೂರನೇದು ಅಷ್ಟೇ ಅಮ್ಮ," ಎಂದಳು.

ಆ ಕಂಚಿನ ಪದಕವನ್ನು ನಾನು ಕೊರಳಿಗೆ ಹಾಕಿಕೊಂಡೇ ಬಸ್ಸು ಹತ್ತಿದೆ.