ಆಪರೇಟರ್ ತಪ್ಪು

‘ಆಪರೇಟರ್ ತಪ್ಪು’ ಎಂಬ ಮಾತು ಕಿವಿಗೆ ಬಿದ್ದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಕಂಪ್ಯೂಟರ್ ರಿಪೇರಿಯ ಕಸುಬಿನಲ್ಲಿ ಇದಕ್ಕಿಂತ ಸೋಮಾರಿ ಮಾತು ಇನ್ನೊಂದಿಲ್ಲ. ಏನು ಕೆಟ್ಟಿದೆಯೆಂದು ಗೊತ್ತಿಲ್ಲದವನು, ಗೊತ್ತುಮಾಡಿಕೊಳ್ಳುವ ಮನಸ್ಸೂ ಇಲ್ಲದವನು, ಎದುರಿಗೆ ಕುಳಿತ ಬಡಪಾಯಿಯ ಕೊರಳಿಗೆ ಇದನ್ನು ಕಟ್ಟಿ ಊಟಕ್ಕೆ ಎದ್ದುಹೋಗುತ್ತಾನೆ.

ತೊಂಬತ್ತರ ದಶಕದ ನಡುವಿನ ಮಾತು. ನಾನು ರಾಣೆಬೆನ್ನೂರಿನಲ್ಲಿ ಒಂದು ಕಂಪ್ಯೂಟರ್ ಕಂಪನಿಯ ಸರ್ವಿಸ್ ಎಂಜಿನಿಯರ್. ಆಫೀಸು ಎಂದರೆ ಬಸ್ ನಿಲ್ದಾಣದ ಹಿಂದಿನ ಒಂದು ಕೋಣೆ, ಒಂದು ಫೋನು ಮತ್ತು ನಾನು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಒಂದು ದೊಡ್ಡ ದಲಾಲಿ ಅಂಗಡಿಗೆ ನಮ್ಮ ಯಂತ್ರ ಹಾಕಿದ್ದೆವು. ಗುಮಾಸ್ತರು ಕೆಲಸ ಮಾಡುವ ಪರದೆಗಳೆಲ್ಲ ಹೊರಗಿನ ಪಡಸಾಲೆಯಲ್ಲಿ. ಮೂಲ ಯಂತ್ರ ಒಳಕೋಣೆಯಲ್ಲಿ, ದೇವರ ಗೂಡಿನ ಕೆಳಗೆ. ಅದರ ಪಕ್ಕದಲ್ಲೇ ಸೀರಿಯಲ್ ಕೇಬಲ್ಲಿನಿಂದ ಜೋಡಿಸಿದ ಇನ್ನೊಂದು ಪರದೆ. ಅದಕ್ಕೆ ಕನ್ಸೋಲ್ ಎನ್ನುತ್ತೇವೆ. ಯಂತ್ರ ತನ್ನ ಕಷ್ಟಸುಖ ಹೇಳಿಕೊಳ್ಳುವುದು ಅದರ ಮೇಲೆ. ಉಳಿದ ಹೊತ್ತು ಅದು ಸುಮ್ಮನೆ ಉರಿಯುತ್ತಿರುತ್ತದೆ.

ಆ ಯಂತ್ರ ಮೊದಲು ಹೊತ್ತಲ್ಲದ ಹೊತ್ತಿನಲ್ಲಿ ಒಮ್ಮೊಮ್ಮೆ ಕೆಟ್ಟು ಬೀಳುತ್ತಿತ್ತು. ಪುಣೆಯ ಹೆಡ್ ಆಫೀಸಿನವರು ಒಂದು ಫ್ಲಾಪಿ ಕಳಿಸಿದರು. ಅದರಲ್ಲಿ ಹೊಸ ಕರ್ನೆಲ್, ಅಂದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ. ಅದರ ಹೊಟ್ಟೆಯಲ್ಲೊಂದು ಡಿಬಗರ್. ಕರ್ನೆಲ್ ಎಡವಿದರೆ ಡಿಬಗರ್ ಅದನ್ನು ಅಲ್ಲೇ ತಡೆದು ನಿಲ್ಲಿಸುತ್ತದೆ. ಆಗ ನಾವು ಕನ್ಸೋಲಿನಲ್ಲಿ ಕುಳಿತು ಎಲ್ಲಿ ಎಡವಿತೆಂದು ಕೇಳಬಹುದು. ಅವರು ಹೇಳಿದಂತೆ ಹಾಕಿ ಬಂದೆ. ಹಳೇ ಕಾಯಿಲೆ ಹೋಯಿತು, ಹೊಸದು ಬಂತು. ದಿನಾ ಸಂಜೆ ಹೊತ್ತು ಮುಳುಗುವಾಗ ಪಡಸಾಲೆಯ ಪರದೆಗಳೆಲ್ಲ ನಿಂತಲ್ಲೇ ನಿಂತುಬಿಡುತ್ತಿದ್ದವು. ಮೇನ್ ಸ್ವಿಚ್ ಆರಿಸಿ ಮತ್ತೆ ಹಾಕಿದರೆ ಯಂತ್ರವೇನೋ ಏಳುತ್ತಿತ್ತು, ಆದರೆ ಆ ದಿನದ ಕೆಲಸ ಅರ್ಧ ಅಳಿಸಿಹೋಗಿರುತ್ತಿತ್ತು.

ಅಲ್ಲಿನ ಆಪರೇಟರ್ ಒಬ್ಬರು ಮುಸಲ್ಮಾನರು, ನನಗಿಂತ ತುಸು ದೊಡ್ಡವರು. ಅವರ ತಂದೆ ಅದೇ ಪೇಟೆಯಲ್ಲಿ ಚೀಲ ಹೊತ್ತ ಹಮಾಲ. ಆ ಮನೆತನದಲ್ಲಿ ಪೇಟೆಯೊಳಗೆ ಕುರ್ಚಿಯ ಮೇಲೆ ಕುಳಿತವರು ಇವರೇ ಮೊದಲು. ಹೊತ್ತು ಮುಳುಗಿದ ಕೂಡಲೆ ಅವರು ನಮಾಜಿಗೆಂದು ಹೋಗಿ ಬರುತ್ತಿದ್ದರು. ಯಂತ್ರ ನಿಲ್ಲುವುದೂ ಅದೇ ಹೊತ್ತಿಗೆ. ಇನ್ನೇನು ಬೇಕು?

“ಅವ ಎದ್ದು ಹ್ವಾದ ಕೂಡ್ಲೆ ನಿಲ್ತೈತ್ರಿ ಸಾಹೇಬ್ರ,” ಎಂದರು ಅಂಗಡಿಯ ಸಾಹುಕಾರರು. “ಏನೋ ಮಾಡಿಟ್ಟು ಹೊಕ್ಕಾನ.”

“ಹಂಗಾರ ಕಳಸಬ್ಯಾಡ್ರಿ, ನೋಡೂಣು,” ಎಂದು ಯಾರೋ ಗುಮಾಸ್ತರು ಸಲಹೆ ಕೊಟ್ಟರು. ಅಂದಿನಿಂದ ಆಪರೇಟರು ಸಂಜೆ ಹೊರಗೆ ಹೋಗುವುದು ಬಂದ್. ಸಾಹುಕಾರರ ಗಾದಿಯ ಎದುರು, ಅವರ ಕಣ್ಣ ಮುಂದೆ, ಕೈಕಟ್ಟಿ ಕೂರಬೇಕು. ಕುಳಿತರು. ಯಂತ್ರ ಆಗಲೂ ನಿಂತಿತು! ತಲೆ ನೆಟ್ಟಗಿದ್ದವರು ಅಲ್ಲಿಗೆ ಅನುಮಾನ ಬಿಡಬೇಕಿತ್ತು. ಸಾಹುಕಾರರು ಬಿಡಲಿಲ್ಲ. “ಮೊದಲಽ ಮಾಡಿಟ್ಟು ಬಂದು ಕುಂತಾನ್ರಿ, ಶಾಣ್ಯಾ ಅದಾನ,” ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ; ಇಲ್ಲಿ ಒಂದು ಬರೆ ಹಾಕಿ, ಜ್ವರ ಇಳಿಯಲಿಲ್ಲವೆಂದು ಅದೇ ಎಮ್ಮೆಗೆ ಇನ್ನೊಂದು ಹಾಕಲು ಹೊರಟಿದ್ದರು.

“ಮುಂದಿನ ಪೇಟಿ ಒಳಗ ಸುದ್ದ ಆಗಲಿಲ್ಲಂದ್ರ ಇವನ್ನ ತಗೀತೀವ್ರಿ. ಹಾವೇರ್‍ಯಾಗ ಒಬ್ಬಾಂವನ್ನ ನೋಡಿ ಇಟ್ಟೇವಿ,” ಎಂದು ಆಪರೇಟರು ಅಲ್ಲೇ ನಿಂತಿದ್ದಾಗಲೇ ನನಗೆ ಹೇಳಿದರು. ಕೆಲಸ ಕಳೆದುಕೊಂಡರೆ ಇನ್ನೊಂದು ಸಿಗಬಹುದು. ಯಂತ್ರ ಕೆಡಿಸಿದವನೆಂಬ ಹೆಸರು ಹೊತ್ತು ಹೊರಬಿದ್ದರೆ ಆ ಪೇಟೆಯ ಯಾವ ಅಂಗಡಿಯ ಮೆಟ್ಟಿಲನ್ನೂ ಅವರು ಹತ್ತುವಂತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು, ಸಾಹುಕಾರರಿಗೂ ಗೊತ್ತಿತ್ತು.

“ಇನ್ನೊಮ್ಮೆ ನಿಂತ್ರ ಮೇನ್ ಸ್ವಿಚ್ ಮುಟ್ಟಬ್ಯಾಡ್ರಿ, ನಾ ಬರೂತನಕ ಹಂಗಽ ಬಿಡ್ರಿ,” ಎಂದು ಹೇಳಿ ಹೋದೆ. ನಿಂತಿತು. ಮರುದಿನ ಬೆಳಿಗ್ಗೆ ಮೋಟೆಬೆನ್ನೂರಿನಲ್ಲಿ ಇಳಿದು, ಟೆಂಪೋ ಹಿಡಿದು, ಮೆಣಸಿನಕಾಯಿ ಘಾಟಿಗೆ ಸೀನುತ್ತ ಬಂದು ಕನ್ಸೋಲಿನ ಮುಂದೆ ಕುಳಿತೆ. ಪರದೆ ಖಾಲಿ. ಎಂಟರ್ ಒತ್ತಿದೆ. ಡಿಬಗರ್ ‘ಹೇಳು’ ಎನ್ನುವಂತೆ ತನ್ನ ಗುರುತು ತೋರಿಸಿತು. ಅಂದರೆ ಯಂತ್ರ ಸತ್ತಿರಲಿಲ್ಲ, ಡಿಬಗರಿನ ಕೈಯಲ್ಲಿ ಸಿಕ್ಕು ನಿಂತಿತ್ತು.

ಪುಣೆಗೆ ಫೋನ್ ಹಚ್ಚಿದೆ. ಫೋನು ಪಡಸಾಲೆಯಲ್ಲಿ, ಕನ್ಸೋಲು ಒಳಕೋಣೆಯಲ್ಲಿ. ಅತ್ತಲಿನ ಮಹಾಶಯ ಆ ಅಂಕಿ ಓದು, ಈ ಅಂಕಿ ಓದು ಎನ್ನುವುದು, ನಾನು ಓಡಿಹೋಗಿ ನೋಡಿ ಓಡಿಬಂದು ಹೇಳುವುದು. ಗುಮಾಸ್ತರಿಗೆ ಪುಕ್ಕಟೆ ಆಟ. ಕೊನೆಗೆ ಆತ ಆಕಳಿಸಿ, ಕರ್ನೆಲ್ಲಿನಲ್ಲಿ ಯಾವ ದೋಷವೂ ಇಲ್ಲ, ಆಪರೇಟರ್ ತಪ್ಪು ಎಂದು ಬರೆದು ಮುಗಿಸು ಎಂದ. ಆ ಬ್ಯಾಡಗಿಯನ್ನು ಕಣ್ಣಿಂದ ಕಂಡವನಲ್ಲ, ಆ ಆಪರೇಟರ ಹೆಸರು ಕೇಳಿದವನಲ್ಲ! ಫೋನು ಕುಕ್ಕಿದೆ. ಕುಕ್ಕಿದ ಸದ್ದಿಗೆ ಸಾಹುಕಾರರು ತಲೆಯೆತ್ತಿ ನೋಡಿದರು. ನೋಡಲಿ ಎಂದುಕೊಂಡೆ.

ಮತ್ತೆ ಕನ್ಸೋಲಿಗೆ ಬಂದು, ಯಾರೂ ಕೇಳು ಎಂದು ಹೇಳಿರದ ಸಾದಾ ಪ್ರಶ್ನೆಯನ್ನು ಡಿಬಗರಿಗೆ ಕೇಳಿದೆ: ನೀನು ಯಾಕೆ ಎದ್ದೆ? ಉತ್ತರ ಒಂದೇ ಸಾಲು. ಕರ್ನೆಲ್ ಎಡವಿದ್ದಕ್ಕಲ್ಲ, ಕನ್ಸೋಲಿನ ತಂತಿಯಿಂದ ‘ಬ್ರೇಕ್’ ಬಂದದ್ದಕ್ಕೆ. ಬ್ರೇಕ್ ಎಂದರೆ ಡಿಬಗರನ್ನು ಕರೆಯುವ ಸನ್ನೆ. ಅದಕ್ಕೆ ಕೀಲಿಮಣೆಯಲ್ಲಿ ಒಂದು ಕೀಲಿ ಇದೆ. ಆದರೆ ಯಾರೂ ಅದನ್ನು ಒತ್ತಬೇಕಾಗಿಲ್ಲ. ಕನ್ಸೋಲಿನ ಪರದೆಯನ್ನು ಆರಿಸಿ ಹಚ್ಚಿದರೂ ತಂತಿಯಲ್ಲಿ ಅದೇ ಸನ್ನೆ ಹೋಗುತ್ತದೆ. ಹಳೇ ಕರ್ನೆಲ್ಲಿನಲ್ಲಿ ಡಿಬಗರೇ ಇರಲಿಲ್ಲವಾದ್ದರಿಂದ ಆ ಸನ್ನೆಗೆ ಓಗೊಡುವವರೂ ಇರಲಿಲ್ಲ. ಪುಣೆಯವರು ಇದನ್ನು ನನಗೆ ಹೇಳುವ ಸೌಜನ್ಯ ತೋರಿಸಿರಲಿಲ್ಲ. ಮುಂದುವರಿ ಎಂದು ಆಜ್ಞೆ ಕೊಟ್ಟೆ. ಪಡಸಾಲೆಯ ಪರದೆಗಳೆಲ್ಲ ಹಿಂದಿನ ಸಂಜೆ ಬಿಟ್ಟ ಜಾಗದಿಂದಲೇ ನಡೆಯತೊಡಗಿದವು. ಒಂದಕ್ಷರ ಅಳಿಸಿರಲಿಲ್ಲ.

ಹಾಗಾದರೆ ಯಾರೋ ದಿನಾ ಸಂಜೆ ಆ ಪರದೆಯನ್ನು ಆರಿಸುತ್ತಿದ್ದಾರೆ. ನಾನು ಒಳಕೋಣೆಯ ಮೂಲೆಯಲ್ಲಿ ಸ್ಟೂಲ್ ಹಾಕಿ ಕುಳಿತೆ. ಹೊತ್ತು ಮುಳುಗುತ್ತ ಬಂತು. ಹಿಂಬಾಗಿಲಿನಿಂದ ಸಾಹುಕಾರರ ತಾಯಿ ಬಂದರು, ಕೈಯಲ್ಲಿ ಊದಬತ್ತಿ. ಗೂಡಿನ ದೀಪ ಹಚ್ಚಿದರು. ಗೋಡೆಯ ಬಲ್ಬ್ ಹಾಕಿ ಕೈಮುಗಿದರು. ಆಮೇಲೆ ಕನ್ಸೋಲಿನ ಹತ್ತಿರ ಬಂದು ಅದರ ಗುಂಡಿ ಒತ್ತಿ ಆರಿಸಿ, ಸೆರಗಿನಿಂದ ಗಾಜು ಒರೆಸಿ, ಮತ್ತೆ ಹಚ್ಚಿ, ಅದಕ್ಕೂ ಕೈಮುಗಿದರು. ಪಡಸಾಲೆಯಿಂದ ಕೂಗು ಬಂತು: “ಮತ್ತ ನಿಂತಿತ್ರಿ!”

“ಯಾಕ್ ಆರಿಸಿದ್ರಿ ಅಮ್ಮಾರ?” ಎಂದೆ.

“ಮುಂಜಾನಿಂದ ಉರಿಯೂ ದೀಪಕ್ಕ ಸಂಜಿಗೆ ಕೈ ಮುಗಿತಾರೇನಪಾ? ಸಂಜಿಗೆ ಹೊಸದಾಗಿ ಹಚ್ಚಬೇಕು. ಇದು ಬಂದಾಗಿಂದ ಹಚ್ಚಾಕತ್ತೇನಿ. ಹೊರಗಿನ ಪರದೆಗಳ ಮುಂದ ಮಂದಿ ಕುಂತಿರ್ತಾರ, ಅವನ್ನ ಮುಟ್ಟೂದಿಲ್ಲ.”

ಪಡಸಾಲೆಗೆ ಬಂದು, ಆಪರೇಟರು ಗಾದಿಯ ಎದುರು ಕುಳಿತಿದ್ದಂತೆಯೇ, ಕಂಡದ್ದನ್ನು ಎಲ್ಲರಿಗೂ ಕೇಳುವಂತೆ ಹೇಳಿದೆ. ಗುಮಾಸ್ತರು ನಕ್ಕರು. ಸಾಹುಕಾರರೂ ನಕ್ಕರು. “ನಮ್ಮವ್ವನ ಕೆಲಸ ಏನು! ಹೋಗ್ಲಿ ಬಿಡ್ರಿ ಸಾಹೇಬ್ರ, ಇದರಾಗ ಯಾರ್ದೂ ತಪ್ಪಿಲ್ಲ.”

ನನಗೆ ಪಿತ್ತ ನೆತ್ತಿಗೇರಿತು. “ನಿನ್ನೀ ತನಕ ಇವರ ತಪ್ಪಾಗಿದ್ದು ಇವತ್ತು ಯಾರ್ದೂ ಅಲ್ಲ ಹೆಂಗಾತ್ರಿ?” ಎಂದು ಕೂಗಿಯೇಬಿಟ್ಟೆ. ಗಿರಾಕಿಯ ಮೇಲೆ ದನಿ ಎತ್ತಿದ್ದಕ್ಕೆ ಕಂಪನಿ ಆಮೇಲೆ ನನ್ನನ್ನು ಬೈಯಿತು. ಬೈಯಲಿ, ಇನ್ನೂ ನಾಲ್ಕು ಮಾತು ಆಡಬೇಕಿತ್ತು.

ಒಳಬಾಗಿಲಲ್ಲಿ ಸಾಹುಕಾರರ ತಾಯಿ ನಿಂತಿದ್ದರು, ಊದಬತ್ತಿ ಇನ್ನೂ ಕೈಯಲ್ಲೇ ಇತ್ತು. ಎಲ್ಲ ಕೇಳಿಸಿಕೊಂಡಿದ್ದರು. ಇಷ್ಟು ದಿನ ಆಪರೇಟರು ಸಂಜೆ ಗಾದಿಯ ಮುಂದೆ ಯಾಕೆ ಕೂರುತ್ತಿದ್ದಾರೆಂದು ಅವರಿಗೆ ಯಾರೂ ಹೇಳಿರಲಿಲ್ಲ.

“ದೀಪ ಹಚ್ಚೂ ಹೊತ್ತಿಗೆ ನಿಲ್ತೈತಿ ಅಂತ ಎಲ್ಲಾರಿಗೂ ಗೊತ್ತಿತ್ತು,” ಎಂದರು ಮಗನಿಗೆ. “ನಮಾಜಿಗೆ ಹೋಗಾಂವ ನಿನ್ನ ಕಣ್ಣಿಗೆ ಬಿದ್ದ. ದೀಪ ಹಚ್ಚಾಕಿ ಬೀಳಲಿಲ್ಲೇನೋ?”

ಅಷ್ಟರಲ್ಲಿ ಮಸೀದಿಯಿಂದ ಆಜಾನ್ ಕೇಳಿತು. ಆಪರೇಟರು ಎದ್ದು ನಿಂತರು. ನಿಂತವರು ಹೋಗಲಿಲ್ಲ, ಸಾಹುಕಾರರ ಮುಖ ನೋಡಿ, “ಹೋಗಿ ಬರ್ಲೇನ್ರಿ?” ಎಂದು ಕೇಳಿದರು.

ಸಾಹುಕಾರರು ತೂಕದ ಚೀಟಿಗಳನ್ನು ಜೋಡಿಸುತ್ತಿದ್ದರು, ತಲೆ ಎತ್ತಲಿಲ್ಲ. “ಅವನ್ನೇನು ಕೇಳ್ತೀಯೋ ಯಪ್ಪಾ,” ಎಂದರು ತಾಯಿ, “ಹೋಗು.”