ಗೊತ್ತಿಲ್ಲ ಎಂದ ಟೀಚರ್

ಮೊನ್ನೆ ಮಣಿಪಾಲದ ಹೋಟೆಲೊಂದರಲ್ಲಿ ಊಟದ ಜೊತೆ ವಿನೆಗರಿನಲ್ಲಿ ನೆನೆಸಿದ ನೀರುಳ್ಳಿ ತಂದಿಟ್ಟರು. ಕೆಂಪು ಬಣ್ಣ, ಮೂಗಿಗೆ ಏರುವ ಹುಳಿ ವಾಸನೆ... ತಟ್ಟೆಯನ್ನು ಅತ್ತ ಸರಿಸಿದೆ. ಇಪ್ಪತ್ತು ವರ್ಷಗಳ ಹಿಂದೆ ಕಾರ್ಕಳದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಇದೇ ವಾಸನೆ ಇತ್ತು.

ನಮ್ಮ ಬಯಾಲಜಿ ಟೀಚರ್ ಶಂಕರಪುರದಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ನೀರು ತುಂಬಿದ ಬಾಟಲಿಗಳ ಬಾಯಿಯ ಮೇಲೆ ನೀರುಳ್ಳಿ ಕೂರಿಸಿ ಬೇರು ಬರಿಸುತ್ತಿದ್ದರು. ಜೀವಕೋಶ ಎರಡಾಗುವುದು ಬೆಳಿಗ್ಗೆಯೇ ಚೆನ್ನಾಗಿ ಕಾಣುತ್ತದೆಂದು, ನಾವು ಬರುವ ಮೊದಲೇ ಬೇರಿನ ತುದಿ ಕತ್ತರಿಸಿ ಹುಳಿ ವಾಸನೆಯ ಕೆಂಪು ಬಣ್ಣದಲ್ಲಿ ಅದ್ದಿಡುತ್ತಿದ್ದರು. ಅವರದು ತಾತ್ಕಾಲಿಕ ಕೆಲಸ. ಪ್ರತಿ ಜೂನ್‌ನಲ್ಲಿ ಹೊಸ ಆದೇಶ ಸಿಗಬೇಕಿತ್ತು. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ. ಇದು ನನಗೆ ಚೆನ್ನಾಗಿಯೇ ಗೊತ್ತಿತ್ತು.

ಒಂದು ದಿನ ಮೈಕ್ರೋಸ್ಕೋಪಿನಲ್ಲಿ ತೋರಿಸುತ್ತಾ, ಕೋಶ ಹುಟ್ಟುವುದು ಕೋಶದಿಂದಲೇ, ಬೇರೆಲ್ಲಿಂದಲೂ ಅಲ್ಲ ಎಂದರು. ಹಾಗಾದರೆ ಮೊಟ್ಟಮೊದಲನೆಯದು ಎಲ್ಲಿಂದ ಬಂತು ಎಂದು ಕೇಳಿದೆ. ಬುದ್ಧಿವಂತಿಕೆ ತೋರಿಸುವ ಚಪಲ, ಬೇರೆಂತದೂ ಅಲ್ಲ.

“ಸಮುದ್ರದ ಅಡಿಯಲ್ಲಿ ಬಿಸಿನೀರು ಉಕ್ಕುವಲ್ಲಿ ಅಂತ ಕೆಲವರು ಹೇಳುತ್ತಾರೆ, ಹೊಂಡದ ನೀರಿನಲ್ಲಿ ಅಂತ ಕೆಲವರು. ನನಗೆ ಗೊತ್ತಿಲ್ಲ ಮಾರಾಯ. ಸರಿಯಾಗಿ ಯಾರಿಗೂ ಗೊತ್ತಿಲ್ಲ. ಹುಡುಕುತ್ತಾ ಇದ್ದಾರೆ.”

ಅದನ್ನು ಹೇಳುವಾಗ ಅವರ ಮುಖ ಅರಳಿತ್ತು... ನನಗೆ ಬೇಕಿದ್ದದ್ದು ಒಂದು ಮಾರ್ಕಿನ ಉತ್ತರ. ಬೆಳ್ಮಣ್ಣಿನ ಮನೆಗೆ ಹೋಗಿ, ಟೀಚರಿಗೆ ಉತ್ತರ ಗೊತ್ತಿಲ್ಲ ಎಂದು ಅಪ್ಪನಿಗೆ ದೂರು ಹೇಳಿದೆ. ಮೆಡಿಕಲ್ ಸೀಟಿನ ಹುಚ್ಚು ಹಿಡಿದಿದ್ದ ಅಪ್ಪ ಮರುದಿನವೇ ಇನ್ನೂ ನಾಲ್ವರು ಪೋಷಕರನ್ನು ಕಟ್ಟಿಕೊಂಡು ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದರು. ನನ್ನನ್ನು ಕರೆಸಿದರು. ಟೀಚರ್ ಅಲ್ಲಿಯೇ ನಿಂತಿದ್ದರು.

“ಇವರು ಗೊತ್ತಿಲ್ಲ ಅಂದದ್ದು ಹೌದಾ?” ಎಂದು ಪ್ರಿನ್ಸಿಪಾಲರು ಕೇಳಿದರು.

“ಹೌದು ಸರ್.”

ಅಷ್ಟೇ ಹೇಳಿದೆ. ಯಾರಿಗೂ ಗೊತ್ತಿಲ್ಲ ಎಂದದ್ದನ್ನು ನುಂಗಿಕೊಂಡೆ. ಟೀಚರ್ ನನ್ನನ್ನೇ ನೋಡುತ್ತಿದ್ದರು, ಉಳಿದದ್ದನ್ನೂ ಹೇಳಿಯಾನು ಎಂದು ಕಾಯುವವರ ಹಾಗೆ. ನೀಚ ಕೆಲಸ ಮಾಡಿದೆ, ಬೇರೆ ಮಾತಿಲ್ಲ.

ಜೂನ್‌ನಲ್ಲಿ ಅವರಿಗೆ ಆದೇಶ ಸಿಗಲಿಲ್ಲ. ಮನೆಯಲ್ಲಿ ಮಲ್ಲಿಗೆ ಕಟ್ಟಿಕೊಂಡು ಬದುಕಿದರಂತೆ. ಕಳೆದ ವರ್ಷ ತೀರಿಕೊಂಡರಂತೆ. ಶಂಕರಪುರಕ್ಕೆ ಹತ್ತಿರದ ದಾರಿ, ಬೇಕಾದಷ್ಟು ಬಸ್ಸು ಉಂಟು. ಒಂದು ಸಲವೂ ನಾನು ಹೋಗಲಿಲ್ಲ.

ನನಗೆ ಮೆಡಿಕಲ್ ಸೀಟೂ ಸಿಗಲಿಲ್ಲ. ಈಗ ಉಡುಪಿಯ ಕೋಚಿಂಗ್ ಸೆಂಟರೊಂದರಲ್ಲಿ ಬಯಾಲಜಿ ಹೇಳಿಕೊಡುತ್ತೇನೆ. ನೀರುಳ್ಳಿ ತಿನ್ನಲಾಗದೆ ಎದ್ದುಬಂದ ಮರುದಿನ ಕ್ಲಾಸಿನಲ್ಲಿ ನಾಲ್ಕು ಆಯ್ಕೆಗಳ ಪ್ರಶ್ನೆಗಳನ್ನು ಬಿಡಿಸುತ್ತಿದ್ದಾಗ ಹುಡುಗಿಯೊಬ್ಬಳು, ಮೊದಲ ಕೋಶ ನಿಜವಾಗಿ ಎಲ್ಲಿಂದ ಬಂತು ಎಂದು ಕೇಳಿದಳು. ನಾಲಗೆಯ ತುದಿಗೆ ಬಂದಿತ್ತು... ಆದರೆ ನನ್ನದೂ ವರ್ಷ ವರ್ಷಕ್ಕೆ ಆದೇಶ ಸಿಗಬೇಕಾದ ಕೆಲಸ.

“ಆಪ್ಷನ್ ಬಿ” ಎಂದೆ. ಅವಳು ಬರೆದುಕೊಂಡಳು.